ಇಪ್ಪತ್ತರ ನೋಟಿನ ನಿದ್ದೆಗುಬ್ಬಿ

ಆಸ್ಗೇರ್ ವಿಲ್ಲುಮ್ಸನ್‌ಗೆ ಸರ್ಕಾರದ ಮೇಲೆ ಸಿಟ್ಟು ಬಂದದ್ದು ಬೆಳಗ್ಗೆ ಎಂಟು ಗಂಟೆಗೆ. ಎಂಟೂಕಾಲಿಗೆ ಆ ಸಿಟ್ಟು ಹೆಂಡತಿಯ ಕಡೆ ತಿರುಗಿತು. ಒಂಬತ್ತಕ್ಕೆ ಬಂದ ಅಂಚೆಯವಳಿಗೂ ಅದರಲ್ಲಿ ಸ್ವಲ್ಪ ಪಾಲು ಸಿಕ್ಕಿತು. ಆಮೇಲೆ ಟೋರ್ಸ್‌ವಿಗ್ ಊರಿನಲ್ಲಿ ಅದರಿಂದ ತಪ್ಪಿಸಿಕೊಂಡವರು ತೀರ ಕಡಿಮೆ.

ಕಾರಣ ಪತ್ರಿಕೆಯ ಮೂಲೆಯಲ್ಲಿದ್ದ ನಾಲ್ಕು ಸಾಲು. ಹಳೆಯ ಕಾಲದ ನೋಟುಗಳಿಗೆಲ್ಲ ಮೇ ಮೂವತ್ತೊಂದು ಕೊನೆಯ ದಿನ, ಅಷ್ಟರೊಳಗೆ ಬ್ಯಾಂಕಿಗೆ ಕಟ್ಟದಿದ್ದರೆ ಅವು ಬರೀ ಕಾಗದ ಎಂಬ ಜ್ಞಾಪನೆ. ಇದೇನು ಹೊಸ ಸುದ್ದಿಯಲ್ಲ, ಒಂದು ವರ್ಷದಿಂದ ಎಲ್ಲರೂ ಓದುತ್ತಿದ್ದದ್ದೇ. ಆದರೆ ಆಸ್ಗೇರ್ ಇಂಥ ಸುದ್ದಿಗಳನ್ನು ಓದದೆ ಇದ್ದರೆ ಅವು ತಾವಾಗಿಯೇ ಸತ್ತುಹೋಗುತ್ತವೆ ಎಂದು ನಂಬಿದ್ದವನು.

"ಬರೀ ಕಾಗದ ಅಂತೆ! ಪೌಲೀನೆನ ಬರೀ ಕಾಗದ ಅಂತಾರೆ, ನೋಡು!" ಎಂದು ಮೇಜು ಗುದ್ದಿದ.

"ನನ್ನ ಕಾಫಿ ಚೆಲ್ತು" ಎಂದಳು ಹೆಂಡತಿ ರಿಗ್ಮೋರ್. "ನೋಟಿನ ಮೇಲಿರೋ ಆ ಪೌಲೀನೆ ಸತ್ತು ಇನ್ನೂರು ವರ್ಷ ಆಯ್ತು. ಅವಳಿಗೇನೂ ಬೇಜಾರಾಗಲ್ಲ. ಎರಡೆರಡು ಇರೋ ನೋಟಾದ್ರೂ ಬ್ಯಾಂಕಿಗೆ ಕಟ್ಟಿ ಬಾ. ಬಟ್ಟೆ ಒಗೆಯೋ ಮಷೀನು ಲೊಡಲೊಡ ಅಂತಿದೆ."

ಎರಡೆರಡು! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದಂತೆ ಆ ನೋಟುಗಳ ಜೊತೆ ಬಾಳಿದವನಿಗೆ ಆಡುವ ಮಾತೇ ಇದು?

ಎದುರಿನ ದ್ವೀಪಕ್ಕೆ ಹೋಗುತ್ತಿದ್ದ ಫೆರಿಯಲ್ಲಿ ಆಸ್ಗೇರ್ ಮೂವತ್ತೊಂದು ವರ್ಷ ಟಿಕೆಟ್ ಹರಿದವನು. ಇಪ್ಪತ್ತು ಕ್ರೋನದ ನೋಟು ಚಲಾವಣೆಯಲ್ಲಿದ್ದ ಕಾಲದಲ್ಲಿ ಅವನ ಕೈಯಲ್ಲಿ ದಿನಕ್ಕೆ ನೂರಾರು ಪೌಲೀನೆಯರು ಬಂದುಹೋಗುತ್ತಿದ್ದರು. ನೋಟಿನ ಒಂದು ಬದಿಗೆ ಆಕೆ, ಇನ್ನೊಂದು ಬದಿಗೆ ಒಂದು ಜೋಡಿ ಗುಬ್ಬಿ. ಆಗ ಅವನು ಅವುಗಳನ್ನು ತಿರುಗಿಯೂ ನೋಡಿದವನಲ್ಲ. ಆ ನೋಟು ಹೋಗಿ ನಾಣ್ಯ ಬಂದು ಎಷ್ಟೋ ವರ್ಷದ ಮೇಲೆ, ಹಳೆಯ ಕೋಟಿನ ಜೇಬಿನಲ್ಲಿ ಎರಡು ಇಪ್ಪತ್ತರ ನೋಟು ಸಿಕ್ಕವು. ಪಕ್ಕಪಕ್ಕದಲ್ಲಿಟ್ಟು ನೋಡಿದ. ಸಹಿ ಬೇರೆ! ಕ್ರಮಸಂಖ್ಯೆಯ ಅಂಕಿಯ ಮುಂದಿನ ಅಕ್ಷರ ಬೇರೆ! ಅಲ್ಲಿಗೆ ಮನುಷ್ಯ ಕೈತಪ್ಪಿಹೋದ. ಈಗ ಅವನಲ್ಲಿ ಅರವತ್ತೆರಡು ಇಪ್ಪತ್ತರ ನೋಟುಗಳಿದ್ದವು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ ಇತ್ತು. ಪ್ರತಿಯೊಂದೂ ಇನ್ನೊಂದಕ್ಕಿಂತ ಯಾವುದಾದರೊಂದು ರೀತಿಯಲ್ಲಿ ಬೇರೆಯಾಗಿತ್ತು. ಹಾಗೆಂದು ಅವನು ಹೇಳುತ್ತಿದ್ದ.

ಈ ಕೋಪವನ್ನೆಲ್ಲ ಕಟ್ಟಿಕೊಂಡು ಅವನು ಮೇ ತಿಂಗಳ ಮೊದಲ ಮಂಗಳವಾರ ನೋಟು ಸಂಗ್ರಾಹಕರ ಸಂಘದ ಸಭೆಗೆ ಹೋದ. ಗ್ರಂಥಾಲಯದ ಹಿಂದಿನ ಕೋಣೆ, ಏಳು ಜನ ಸದಸ್ಯರು, ಒಂದು ಫ್ಲಾಸ್ಕ್ ಕಾಫಿ. ಅಧ್ಯಕ್ಷ ಉಫ್ಫೆ ಸ್ಕೌ, ನಿವೃತ್ತ ಔಷಧ ವ್ಯಾಪಾರಿ. ಯಾರಾದರೂ "ಸುಮಾರು" ಎಂದರೆ "ಸುಮಾರು ಅಂದ್ರೆ ಎಷ್ಟು?" ಎಂದು ಕೇಳುವ ಮನುಷ್ಯ. ಬೇರೆಯವರ ತಪ್ಪು ಅವನ ಕಣ್ಣಿಗೆ ಬಿದ್ದ ಮೇಲೆ ತಿದ್ದಿಸಿಕೊಳ್ಳದೆ ಹೊರಗೆ ಹೋದ ಉದಾಹರಣೆ ಇರಲಿಲ್ಲ.

ಆಸ್ಗೇರ್ ಎದ್ದು ನಿಂತು ಇಪ್ಪತ್ತು ನಿಮಿಷ ಗುಡುಗಿದ. ಇದು ಅನ್ಯಾಯ, ಇದು ಇತಿಹಾಸದ ಕೊಲೆ, ಸಂಗ್ರಾಹಕರೆಲ್ಲ ಒಟ್ಟಾಗಿ ಪ್ರತಿಭಟಿಸಬೇಕು ಎಂದ.

ಉಫ್ಫೆ ಕನ್ನಡಕ ಒರೆಸಿಕೊಂಡು ಹೇಳಿದ: "ಆಸ್ಗೇರ್, ಮೊದಲು ಒಂದು ತಿದ್ದುಪಡಿ. ನೀನು ಸಂಗ್ರಾಹಕ ಅಲ್ಲ. ನಿನ್ನ ಹತ್ರ ಇರೋದು ಒಂದೇ ಥರದ ಅರವತ್ತೆರಡು ನೋಟು. ಅದಕ್ಕೆ ಸಂಗ್ರಹ ಅನ್ನಲ್ಲ. ಉಳಿತಾಯ ಅಂತಾರೆ."

ನಾಲ್ಕು ಜನ ನಕ್ಕರು. ಉಳಿದ ಒಬ್ಬನ ಮೂಗಿಗೆ ಕಾಫಿ ಏರಿತು.

ಮನೆಗೆ ಬಂದ ಆಸ್ಗೇರ್ ಐದು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಉಫ್ಫೆ ಸ್ಕೌ ಹುಟ್ಟಿದ ಮೇಲೆ ಕಂಡಿರದಂಥದ್ದು ಏನಾದರೂ ತನ್ನ ಅರವತ್ತೆರಡರಲ್ಲಿ ಇರಲೇಬೇಕೆಂದು ಭೂತಗನ್ನಡಿ ಹಿಡಿದು ಕೂತ. ಇರಲೇಬೇಕು ಎಂದು ಹುಡುಕುವವನಿಗೆ ಏನೂ ಸಿಗದೆ ಹೋದದ್ದು ಲೋಕದಲ್ಲಿ ಅಪರೂಪ. ಭಾನುವಾರ ಬೆಳಗ್ಗೆ, ರಿಗ್ಮೋರ್ ಬೇಕರಿಯಿಂದ ತಂದ ಗಸಗಸೆಯ ಬನ್ನಿಗೆ ಬೆಣ್ಣೆ ಸವರಿ ತಿನ್ನುತ್ತಾ, ನಲವತ್ತೊಂದನೆಯ ನೋಟನ್ನು ಹೊದಿಕೆಯಿಂದ ಹೊರಗೆ ತೆಗೆದು ನೋಡುತ್ತಾ ಇದ್ದವನು ಒಮ್ಮೆಲೇ ಕುರ್ಚಿಯಿಂದ ಎದ್ದ.

"ರಿಗ್ಮೋರ್! ಗುಬ್ಬಿ ಮಲಗಿದೆ!"

"ಮಲಗ್ಲಿ ಬಿಡು, ಭಾನುವಾರ."

"ಕಣ್ಣು ಮುಚ್ಚಿದೆ ಕಣೇ! ಗಂಡುಗುಬ್ಬಿ ಕಣ್ಣು ಮುಚ್ಚಿದೆ! ಬೇರೆ ಎಲ್ಲಾ ನೋಟಲ್ಲೂ ತೆರೆದಿದೆ, ಇದರಲ್ಲಿ ಮಾತ್ರ ಮುಚ್ಚಿದೆ!"

ರಿಗ್ಮೋರ್ ಬಂದು ಬಗ್ಗಿ ನೋಡಿದಳು. ಮನೆಯ ಮುಂಗೋಣೆಯಲ್ಲೇ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದ ಅವಳಿಗೆ ಮೂವತ್ತು ವರ್ಷದಿಂದ ಜನರ ತಲೆಯನ್ನು ಹತ್ತಿರದಿಂದ ನೋಡಿ ಅಭ್ಯಾಸ. "ಕಣ್ಣಲ್ಲಿ ಏನೋ ಬಿದ್ದ ಹಾಗಿದೆ" ಎಂದಳು. ಗಂಡ ಕೇಳಿಸಿಕೊಳ್ಳಲಿಲ್ಲ. ಅವನಾಗಲೇ ಹಿತ್ತಿಲಿಗೆ ಓಡಿದ್ದ.

ಬೇಲಿಯಾಚೆ ನೆರೆಮನೆಯ ಫ್ಲೆಮ್ಮಿಂಗ್ ಗಿಡ ಕತ್ತರಿಸುತ್ತಿದ್ದ. ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ನಿವೃತ್ತನಾದವನು, ಯಾವ ಸುದ್ದಿಯೂ ಅವನಲ್ಲಿ ಸೋರದೆ ನಿಂತದ್ದಿಲ್ಲ. ಆಸ್ಗೇರ್ ಅವನನ್ನು ಹತ್ತಿರ ಕರೆದು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ, ಎಲ್ಲವನ್ನೂ ಹೇಳಿದ.

"ಎಷ್ಟು ಬಾಳ್ತದೆ?" ಎಂದ ಫ್ಲೆಮ್ಮಿಂಗ್.

"ಛೀ! ಇದು ವಿದ್ಯೆಯ ವಿಷಯ. ಬೆಲೆಯ ಮಾತೆತ್ತಬೇಡ."

"ಆದ್ರೂ?"

ಆಸ್ಗೇರ್ ಆಕಾಶ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲವಾದ್ದರಿಂದ ತಾನೇ ಹೇಳಿದ: "ನಲವತ್ತು ಸಾವಿರ ಅಂದ್ರೆ ನಾಚಿಕೆಯಿಲ್ಲದೆ ಕೇಳಬಹುದು."

ಫ್ಲೆಮ್ಮಿಂಗ್ ಆಣೆಗೆ ತಪ್ಪುವವನಲ್ಲ. ಬೇಕರಿಯಲ್ಲಿ ಬಿಟ್ಟು ಬೇರೆ ಎಲ್ಲೂ ಹೇಳಲಿಲ್ಲ.

ಬುಧವಾರದ ಊರಪತ್ರಿಕೆಯಲ್ಲಿ ಎರಡನೆಯ ಪುಟದ ತುಂಬ ಆಸ್ಗೇರ್‌ನ ಫೋಟೋ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ನೋಟು, ಮುಖದಲ್ಲಿ ದೇಶದ ಚಿಂತೆ. ವರದಿಗಾರ್ತಿ ಫೋನಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ, ಇವನು ಹೇಳಿದ್ದು ಒಂದು ಗಂಟೆ. ಅಚ್ಚು ಕೆತ್ತಿದ ಕಲಾವಿದ ಯಾವುದೋ ನೋವಿನಿಂದ ಗುಟ್ಟಾಗಿ ಗುಬ್ಬಿಯ ಕಣ್ಣು ಮುಚ್ಚಿಸಿರಬೇಕು, ಇಂಥ ನೋಟು ಊರಿನ ಹಳೆಯ ಡಬ್ಬಿಗಳಲ್ಲಿ ಇನ್ನೂ ಇರಬಹುದು, ಸರಿಯಾಗಿ ಪರೀಕ್ಷಿಸದೆ ಯಾರೂ ಬ್ಯಾಂಕಿಗೆ ಕಟ್ಟಿ ಮೋಸಹೋಗಬಾರದು ಎಂದಿದ್ದ. "ಕೆಲವು ಸಂಘಗಳ ಅಧ್ಯಕ್ಷರಿಗೆ ಇದು ಗೊತ್ತೇ ಇಲ್ಲದಿರುವುದು ವಿಷಾದನೀಯ" ಎಂದೂ ಸೇರಿಸಿದ್ದ. ಇದೊಂದು ವಾಕ್ಯಕ್ಕಾಗಿ ಅವನು ಉಳಿದದ್ದನ್ನೆಲ್ಲ ಹೇಳಿದ್ದೆಂದು ನಾವು ತಿಳಿದರೆ ತಪ್ಪಾಗದು.

ಗುರುವಾರ ಬೆಳಗ್ಗೆ ಎಂಟಕ್ಕೆ ಬಾಗಿಲ ಗಂಟೆ ಮೊಳಗಿತು. ಒಂಬತ್ತಕ್ಕೆ ಸಾಲು ಗೇಟಿನಾಚೆ ಹೋಯಿತು.

ಊರಿನಲ್ಲಿ ಇಷ್ಟೊಂದು ಗುಬ್ಬಿಗಳಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಅಡುಗೆ ಪುಸ್ತಕಗಳ ಒಳಗಿನಿಂದ, ಸತ್ತ ಅತ್ತೆಯರ ಕೈಚೀಲಗಳಿಂದ, ಗಡಿಯಾರದ ಹಿಂದಿನಿಂದ, ಮಂಚದ ಕೆಳಗಿನಿಂದ ಅವು ಹೊರಬಂದವು. ಆಸ್ಗೇರ್ ಅಡುಗೆಮನೆಯ ಮೇಜಿನ ಹಿಂದೆ ಡಾಕ್ಟರಂತೆ ಕೂತ. ಕತ್ತಿಗೆ ದಾರ ಕಟ್ಟಿ ಭೂತಗನ್ನಡಿ ಇಳಿಬಿಟ್ಟುಕೊಂಡಿದ್ದ. ಒಬ್ಬೊಬ್ಬರೇ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಉಸಿರು ಬಿಗಿಹಿಡಿದು ಅವನ ಮುಖ ನೋಡುತ್ತಿದ್ದರು.

ಕಷ್ಟ ಎಲ್ಲಿತ್ತೆಂದರೆ, ಬೇರೆ ಯಾವ ಗುಬ್ಬಿಯೂ ಮಲಗಿರಲಿಲ್ಲ. ಎಲ್ಲವೂ ಕಣ್ಣರಳಿಸಿ ನೋಡುತ್ತಿದ್ದವು. ಆದರೆ ಆಸೆಯಿಂದ ಬಂದವರನ್ನು "ನಿಮ್ಮ ಗುಬ್ಬಿಗೆ ಎಚ್ಚರವಿದೆ, ಹೋಗಿ" ಎಂದು ಕಳಿಸಲು ಆಸ್ಗೇರ್‌ಗೆ ಬಾಯಿ ಬರಲಿಲ್ಲ. ಹಾಗೆ ಕಳಿಸಿದರೆ ನಾಳೆ ಯಾರು ಬರುತ್ತಾರೆ? ಮಧ್ಯಾಹ್ನದ ಹೊತ್ತಿಗೆ ಅವನ ಶಾಸ್ತ್ರ ಬೆಳೆಯಿತು. ಪೂರ್ಣನಿದ್ದೆಯ ಜೊತೆಗೆ ಅರೆನಿದ್ದೆ, ತೂಕಡಿಕೆ, ಆಕಳಿಕೆಗೆ ಮುಂಚಿನ ಸ್ಥಿತಿ ಎಂಬ ಭೇದಗಳು ಹುಟ್ಟಿದವು. ಯಾವುದಕ್ಕೂ ಸೇರದವು "ಶಂಕಾಸ್ಪದ."

ಫ್ಲೆಮ್ಮಿಂಗ್‌ನ ಏಳೂ ನೋಟುಗಳು ಶಂಕಾಸ್ಪದ ಎಂದಾದಾಗ ಅವನು ಕೆರಳಿ ಕೆಂಡವಾದ.

"ಎದುರು ಮನೆಯವನ ನೋಟಿಗೆ ತೂಕಡಿಕೆ ಕೊಟ್ಟೆ! ಮೂವತ್ತು ವರ್ಷ ನಿನ್ನ ನಲ್ಲಿ ಪುಕ್ಕಟೆ ಸರಿ ಮಾಡ್ದೋನು ನಾನು, ನನಗೆ ಶಂಕಾಸ್ಪದ?"

"ಶಾಸ್ತ್ರದಲ್ಲಿ ನಲ್ಲಿಗೆ ಜಾಗ ಇಲ್ಲ, ಫ್ಲೆಮ್ಮಿಂಗ್."

"ಇನ್ನೊಂದ್ಸಲ ನೋಡು. ಈ ರೆಪ್ಪೆ ನೋಡು, ಹ್ಯಾಗೆ ಭಾರವಾಗಿದೆ!"

ಕೊನೆಗೆ ಒಂದು ನೋಟಿಗೆ ಅರೆನಿದ್ದೆ ಕೊಟ್ಟು ಸಮಾಧಾನ ಮಾಡಬೇಕಾಯಿತು.

ರಿಗ್ಮೋರ್‌ಳ ಕೋಪ ಬೇರೆ ಥರದ್ದು. ತಲೆಗೆ ಬಣ್ಣ ಹಚ್ಚಿಸಿಕೊಂಡು, ಕೂದಲಿಗೆ ಬೆಳ್ಳಿಹಾಳೆ ಸುತ್ತಿಸಿಕೊಂಡು ಅವಳ ಅಂಗಡಿಯಲ್ಲಿ ಕೂತಿರಬೇಕಾದ ಗಿರಾಕಿಗಳು ಹಾಗೆಯೇ ಎದ್ದು ಹೋಗಿ ಅಡುಗೆಮನೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಒಬ್ಬಾಕೆಯ ಕೂದಲು ಕಂದು ಆಗಬೇಕಾದದ್ದು ಕಿತ್ತಳೆಯಾಯಿತು.

"ಒಂಬತ್ತು ದಿನ ಆಯ್ತು, ಈ ಮೇಜಿನ ಮೇಲೆ ಊಟ ಮಾಡಿ" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಅರ್ಧ ಊರು ಶೂ ಬಿಚ್ಚದೆ ನನ್ನ ಅಡುಗೆಮನೆ ತುಳೀತಿದೆ. ಗುಬ್ಬಿಗೆ ನಿದ್ದೆ ಬಂದಿದ್ಯೋ ಇಲ್ವೋ, ನನಗಂತೂ ಬರ್ತಿಲ್ಲ."

ಹತ್ತನೆಯ ದಿನ ಬ್ಯಾಂಕಿನ ಮುಖ್ಯಸ್ಥೆ ಕಾಮಿಲ್ಲಾ ರೌನ್‌ಹೋಲ್ಟ್ ಸಾಲನ್ನು ಸೀಳಿಕೊಂಡು ಬಂದಳು. ನಲವತ್ತರ ಒಳಗಿನ ಚುರುಕು ಹೆಂಗಸು, ಮೂರು ಜನ ಕೆಲಸದವರ ಸಣ್ಣ ಶಾಖೆ.

"ಸಾಲಿನಲ್ಲಿ ಬನ್ನಿ!" ಎಂದು ನಾಲ್ಕು ಜನ ಕೂಗಿದರು.

"ನಾನು ನೋಟು ತೋರಿಸೋಕೆ ಬಂದಿಲ್ಲ. ನೋಟು ಕೇಳೋಕೆ ಬಂದಿದ್ದೀನಿ!" ಎಂದು ಅವಳು ಮೇಜಿನೆದುರು ನಿಂತಳು. "ಆಸ್ಗೇರ್, ಕೊನೆ ದಿನಗಳ ನೂಕುನುಗ್ಗಲಿಗೆ ಅಂತ ನಾನು ಒಬ್ಬಳನ್ನ ಹೆಚ್ಚಿಗೆ ಕೆಲಸಕ್ಕೆ ತಗೊಂಡಿದ್ದೀನಿ. ಅವಳು ಕೌಂಟರಿನಲ್ಲಿ ಕೂತು ಸ್ವೆಟರ್ ಹೆಣೀತಿದ್ದಾಳೆ. ಎರಡನೇ ತೋಳಿಗೆ ಬಂದಿದ್ದಾಳೆ! ಈ ಊರಲ್ಲಿ ಒಬ್ಬರೂ ಹಳೆ ನೋಟು ಕಟ್ತಿಲ್ಲ. ಏನು ಹೇಳಿದ್ದೀರಿ ಇವರಿಗೆ?"

"ಆತುರ ಪಡಬೇಡಿ ಅಂದಿದ್ದೀನಿ. ಅಷ್ಟೇ."

"ಆತುರ ಪಡಬೇಕು! ಮುಂದಿನ ಗುರುವಾರ ಕ್ರಿಸ್ತನ ಸ್ವರ್ಗಾರೋಹಣದ ರಜೆ. ಶುಕ್ರವಾರ ಬ್ಯಾಂಕ್ ಮುಚ್ಚಿರತ್ತೆ. ಶನಿವಾರ ಮುಚ್ಚೇ ಇರತ್ತೆ. ಬುಧವಾರ ನಾಲ್ಕು ಗಂಟೆಗೆ ಬಾಗಿಲು ಹಾಕಿದ್ರೆ ಆಮೇಲೆ ನಾನು ದೇವರಿಗೂ ತೆಗೆಯಲ್ಲ!"

ಜನ ಗುಸುಗುಸು ಮಾಡಿದರು. ಆಸ್ಗೇರ್ ನಕ್ಕ. "ನೋಡಿದ್ರಾ? ನಮ್ಮ ಗುಬ್ಬಿಗಳು ಬೇಕು ಅಂತ ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದ್ರು. ಬೆಲೆ ಇಲ್ದಿದ್ರೆ ಬರ್ತಿದ್ರಾ?"

ಈ ತರ್ಕಕ್ಕೆ ಅಡುಗೆಮನೆ ತಲೆದೂಗಿತು. ಕಾಮಿಲ್ಲಾ ಬಾಗಿಲು ಬಡಿದುಕೊಂಡು ಹೋದಳು.

ಅದೇ ದಿನ ಸಂಜೆ ಥೋರಾ ಬಂದಳು. ಎಂಬತ್ತನಾಲ್ಕರ ಮುದುಕಿ, ಗಾಲಿಯ ಊರುಗೋಲು ತಳ್ಳಿಕೊಂಡು, ಅದರ ಬುಟ್ಟಿಯಲ್ಲಿ ಒಂದು ಕಾಫಿ ಡಬ್ಬಿ ಇಟ್ಟುಕೊಂಡು. ಅವಳ ಗಂಡ ಆಕ್ಸೆಲ್ ಬಂದರಿನಲ್ಲಿ ಹೆರಿಂಗ್ ಮೀನು ಹೊಗೆ ಹಾಕುವ ಗೂಡು ನಡೆಸುತ್ತಿದ್ದವನು. ಬ್ಯಾಂಕನ್ನು ನಂಬದೆ ತನ್ನ ಉಳಿತಾಯವನ್ನು ಡಬ್ಬಿಯಲ್ಲಿ ತುಂಬಿ ಗೂಡಿನ ಗೋಡೆಯಲ್ಲಿ ಇಟ್ಟಿದ್ದ. ಅವನು ಸತ್ತ ಮೇಲೆ ಅದು ಹಾಗೇ ಇತ್ತು. ಮುಚ್ಚಳ ತೆರೆದೊಡನೆ ಅಡುಗೆಮನೆಯಲ್ಲಿ ಹೊಗೆಮೀನಿನ ವಾಸನೆ ಇಡಿಕಿರಿಯಿತು. ನಾನೂರಕ್ಕೂ ಹೆಚ್ಚು ಇಪ್ಪತ್ತರ ನೋಟುಗಳು.

"ಕಟ್ಟಿಬಿಡ್ಬೇಕು ಅಂತಲೇ ಹೊರಟಿದ್ದೆ" ಎಂದಳು ಥೋರಾ. "ಅಷ್ಟರಲ್ಲಿ ನಿನ್ನ ಫೋಟೋ ಬಂತು. ನಮ್ಮ ಆಕ್ಸೆಲ್ ಬೆವರಿನ ದುಡ್ಡು. ಮೋಸ ಹೋಗ್ಬಾರ್ದು ಅಲ್ವಾ?"

"ಖಂಡಿತ ಹೋಗ್ಬಾರ್ದು, ಥೋರಾ. ಡಬ್ಬಿ ಇಲ್ಲಿ ಬಿಟ್ಟು ಹೋಗಿ. ಇದಕ್ಕೆ ಆಳವಾದ ಅಧ್ಯಯನ ಬೇಕು."

ರಿಗ್ಮೋರ್ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಹೆದರಬೇಕೆಂದು ಮದುವೆಯಾದ ಹೊಸದರಲ್ಲಿ ಆಸ್ಗೇರ್‌ಗೆ ಗೊತ್ತಿತ್ತು. ಈಚೆಗೆ ಮರೆತಿದ್ದ.

ಇತ್ತ ಉಫ್ಫೆ ಸ್ಕೌ ಎರಡು ವಾರ ಸುಮ್ಮನಿದ್ದದ್ದು ಸೌಜನ್ಯದಿಂದಲ್ಲ. "ವಿಷಾದನೀಯ" ಎಂಬ ಪದ ಓದಿದ ದಿನವೇ ಅವನು ಒಂದು ಸೂಕ್ಷ್ಮದರ್ಶಕಕ್ಕೆ ಆರ್ಡರ್ ಮಾಡಿದ್ದ, ಅದು ಬಂದು ತಲುಪಲು ಅಷ್ಟು ದಿನ ಹಿಡಿಯಿತು. ಬುಧವಾರ ಮಧ್ಯಾಹ್ನ ಎರಡೂವರೆಗೆ ಗ್ರಂಥಾಲಯದ ದೊಡ್ಡ ಸಭಾಂಗಣದಲ್ಲಿ ಸಂಘದ ವಿಶೇಷ ಸಭೆ, ಸಾರ್ವಜನಿಕರಿಗೆ ಸ್ವಾಗತ, ಆಸ್ಗೇರ್ ವಿಲ್ಲುಮ್ಸನ್ ತಮ್ಮ ನೋಟಿನೊಡನೆ ಬರಬೇಕು ಎಂದು ಊರೆಲ್ಲ ಚೀಟಿ ಅಂಟಿಸಿದ.

ಆಸ್ಗೇರ್ ತನ್ನ ಮಗಳ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು ಹೋದ. ಸಭಾಂಗಣ ತುಂಬಿತ್ತು. ಎಲ್ಲರ ಜೇಬಿನಲ್ಲೂ, ಚೀಲದಲ್ಲೂ ತಂತಮ್ಮ ಗುಬ್ಬಿಗಳು. ಮುಂದಿನ ಸಾಲಿನಲ್ಲಿ ಥೋರಾ. ಬಾಗಿಲ ಬಳಿ ಕೈಕಟ್ಟಿ ಕಾಮಿಲ್ಲಾ, ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಾ.

ಆಸ್ಗೇರ್ ಮೊದಲು ಭಾಷಣ ಮಾಡಿದ. ಅದು ಮೂರು ಗಂಟೆ ದಾಟಿತು. ಆಮೇಲೆ ನೋಟನ್ನು ಕೂಸಿನಂತೆ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟ. ಚಿತ್ರ ಗೋಡೆಯ ಪರದೆಯ ಮೇಲೆ ಬಿತ್ತು. ಎತ್ತಿನಷ್ಟು ದೊಡ್ಡ ಗುಬ್ಬಿ. ಕಣ್ಣಿನ ಜಾಗದಲ್ಲಿ ಕಪ್ಪಗೆ, ಬಾಗಿ, ನಿಜವಾಗಿಯೂ ರೆಪ್ಪೆ ಮುಚ್ಚಿದಂತೆ ಒಂದು ಗೆರೆ.

"ಓಹ್" ಎಂದಿತು ಸಭೆ.

"ಮಲಗಿದೆ!" ಎಂದು ಕೂಗಿದ ಫ್ಲೆಮ್ಮಿಂಗ್.

ಉಫ್ಫೆ ಬಗ್ಗಿ ನೋಡಿದ. ಇನ್ನೂ ಬಗ್ಗಿ ಮೂಸಿದ. ಜೇಬಿನಿಂದ ಔಷಧ ಅಂಗಡಿಯ ಕಾಲದ ಸಣ್ಣ ಚಿಮುಟ ತೆಗೆದು, ತುದಿಯಿಂದ ಬಲು ಮೆಲ್ಲಗೆ ಮುಟ್ಟಿದ. ಪರದೆಯ ಮೇಲೆ ರೆಪ್ಪೆ ಅಲುಗಿತು. ಒಂದು ಅಂಚು ಮೇಲೆದ್ದಿತು. ಆಮೇಲೆ ಇಡೀ ರೆಪ್ಪೆ ಕಳಚಿ ಚಿಮುಟಕ್ಕೆ ಬಂತು, ಗುಬ್ಬಿ ಕಣ್ಣರಳಿಸಿ ಊರಿನವರನ್ನೆಲ್ಲ ದಿಟ್ಟಿಸಿ ನೋಡಿತು.

"ಗಸಗಸೆ" ಎಂದ ಉಫ್ಫೆ. "ಒಡೆದ ಅರ್ಧ ಕಾಳು. ಅಂಟಿಸಿರೋದು ಬೆಣ್ಣೆ. ಉಪ್ಪು ಹಾಕಿದ ಬೆಣ್ಣೆ."

ಆಮೇಲೆ ಆದ ಸದ್ದನ್ನು ಬರೆಯಲು ಅಕ್ಷರ ಸಾಲದು.

"ಬೆಣ್ಣೆಗೋಸ್ಕರ ನಾನು ಎರಡು ವಾರ ಕಾದೆ!"

"ನನ್ನ ನೋಟಿಗೆ ತೂಕಡಿಕೆ ಅಂತ ಬರೆದುಕೊಟ್ಟಿದ್ದಾನೆ, ಸಹಿ ಹಾಕಿ!"

"ನನ್ನ ಕೂದಲು ನೋಡಿ, ನನ್ನ ಕೂದಲು!" ಎಂದು ಕಿತ್ತಳೆ ಬಣ್ಣದವಳು ಎದ್ದು ನಿಂತಳು.

"ಹಾಗಾದ್ರೆ ನನ್ನ ಅರೆನಿದ್ದೆ?" ಎಂದ ಫ್ಲೆಮ್ಮಿಂಗ್, ಇನ್ನೂ ಸ್ವಲ್ಪ ಆಸೆ ಉಳಿಸಿಕೊಂಡು.

ಕಾಮಿಲ್ಲಾ ಬಾಗಿಲಿನಿಂದ ಕೂಗಿದಳು: "ಮೂರೂ ಇಪ್ಪತ್ತು! ನಾಲ್ಕಕ್ಕೆ ಬಾಗಿಲು ಹಾಕ್ತೀನಿ!" ಎಂದವಳೇ ಓಡಿದಳು. ಅವಳ ಹಿಂದೆ ಊರು ಓಡಿತು. ಕುರ್ಚಿಗಳು ಉರುಳಿದವು. ಸಂಘದ ನಾಲ್ವರು ಸದಸ್ಯರು ಕೂಡ ಓಡಿದರು. ಅವರೂ ಗುಟ್ಟಾಗಿ ಎಷ್ಟು ಗುಬ್ಬಿ ಹಿಡಿದಿಟ್ಟುಕೊಂಡಿದ್ದರೆಂದು ಆಗ ತಿಳಿಯಿತು.

ಖಾಲಿ ಸಭಾಂಗಣದಲ್ಲಿ ಥೋರಾ ಮಾತ್ರ ಕೂತಿದ್ದಳು. ಬೈಯಲಿಲ್ಲ. "ಆಸ್ಗೇರ್, ನನ್ನ ಡಬ್ಬಿ ಎಲ್ಲಿ?" ಎಂದಳು.

ಡಬ್ಬಿ ಅವನ ಮನೆಯಲ್ಲಿತ್ತು. ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಆ ಗಳಿಗೆಯಲ್ಲಿ ಅವನಿಗೆ ಉಫ್ಫೆಯೂ ಬೇಡವಾಯಿತು, ಮಾನವೂ ಬೇಡವಾಯಿತು. ಕೋಟು ಹಾರಿಸಿಕೊಂಡು ಓಡಿದ. ಅರವತ್ತೆಂಟು ವರ್ಷದವನ ಓಟ ನೋಡಲು ಚೆಂದವಿರುವುದಿಲ್ಲ. ದಾರಿಯುದ್ದಕ್ಕೂ ಬೈಸಿಕೊಳ್ಳುತ್ತಲೇ ಓಡಿದ.

ಗೇಟಿನಲ್ಲಿ ರಿಗ್ಮೋರ್ ನಿಂತಿದ್ದಳು. ಸೈಕಲ್ಲು ಬೀದಿಗೆ ಮುಖಮಾಡಿ ನಿಂತಿತ್ತು. ಅದರ ಮುಂದಿನ ಬುಟ್ಟಿಯಲ್ಲಿ ಡಬ್ಬಿ. ಸಭೆಯ ಸುದ್ದಿ ಫೋನಿನಲ್ಲಿ ಅವಳ ಅಂಗಡಿಗೆ ಅವನಿಗಿಂತ ಮೊದಲೇ ತಲುಪಿತ್ತು.

"ರಿಗ್ಮೋರ್, ನಾನು…"

"ಮಾತಾಡ್ಬೇಡ. ತುಳಿ."

ತುಳಿದ. ಬ್ಯಾಂಕಿನ ಮುಂದೆ ಸಾಲು ಚರ್ಚಿನ ಮೂಲೆಯವರೆಗೆ ಬೆಳೆದಿತ್ತು, ಗಡಿಯಾರದಲ್ಲಿ ನಾಲ್ಕಕ್ಕೆ ಒಂಬತ್ತು ನಿಮಿಷ. ಅವನನ್ನು ಕಂಡದ್ದೇ ಸಾಲು ಒಂದೇ ಬಾಯಲ್ಲಿ ಗದರಿತು.

"ಹಿಂದೆ ಹೋಗು!"

"ನಿದ್ದೆ ಮಾಡ್ಕೊಂಡು ಬಾ!"

"ಇದು ನಂದಲ್ಲ! ಥೋರಾ ಅವರದು! ನನ್ನನ್ನ ಆಮೇಲೆ ಕೊಂದುಹಾಕಿ, ಇದನ್ನ ಮಾತ್ರ ಒಳಗೆ ಬಿಡಿ!" ಎಂದು ಆಸ್ಗೇರ್ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದ. ಬಿಸಿಲಿಗೆ ಹೊಗೆಮೀನಿನ ವಾಸನೆ ಸಾಲಿನುದ್ದಕ್ಕೂ ಹರಡಿತು. ಆ ವಾಸನೆಯ ಜೊತೆ ಊರಿನ ಮುಕ್ಕಾಲು ಜನ ಬೆಳೆದಿದ್ದರು. ಅದು ಆಕ್ಸೆಲ್‌ನ ಗೂಡಿನದೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಬೈಗುಳ ಒಂದಿಷ್ಟು ತಗ್ಗಿತು.

ಬಾಗಿಲ ಹತ್ತಿರ, ಆಗಷ್ಟೇ ಸರದಿ ಬಂದು ನಿಂತಿದ್ದವನು ಫ್ಲೆಮ್ಮಿಂಗ್. ನಲ್ಲಿ ರಿಪೇರಿಯವನ ಕಾಲು ಚುರುಕು. ಅವನು ತನ್ನ ಏಳು ನೋಟುಗಳನ್ನು ನೋಡಿದ, ಡಬ್ಬಿಯನ್ನು ನೋಡಿದ.

"ನಿನಗಲ್ಲ ಜಾಗ ಬಿಡ್ತಿರೋದು, ತಿಳ್ಕೋ" ಎಂದ. "ಇನ್ಮೇಲೆ ನಿನ್ನ ಮನೆ ನಲ್ಲಿ ಒಡೆದು ನೀನು ತೇಲಿಹೋದ್ರೂ ಬರಲ್ಲ ನಾನು." ಎಂದು ಪಕ್ಕಕ್ಕೆ ಸರಿದ.

ಕಾಮಿಲ್ಲಾ ಮುಚ್ಚಳ ತೆಗೆದು ಕೆಮ್ಮಿದಳು. ಸ್ವೆಟರ್ ಹೆಣೆಯುವವಳು ಹೆಣಿಗೆ ಕೆಳಗಿಟ್ಟು ಕೈ ಹಚ್ಚಿದಳು. ನಾಲ್ಕು ಗಂಟೆಗೆ ಕಾಮಿಲ್ಲಾ ಬಾಗಿಲಿಗೆ ಬಂದು ಸಾಲನ್ನು ನೋಡಿದಳು, ದೇವರಿಗೂ ತೆಗೆಯದ ಬಾಗಿಲನ್ನು ಟೋರ್ಸ್‌ವಿಗ್‌ನವರಿಗೆ ಇನ್ನೊಂದು ಗಂಟೆ ತೆರೆದಿಟ್ಟಳು. ಹಾಗೆ ಮಾಡುವಾಗ ಪ್ರತಿಯೊಬ್ಬರಿಗೂ ಮುಖ ಕೆಂಪಗಾಗುವಷ್ಟು ಬೈದಳು.

ಆಸ್ಗೇರ್ ತನ್ನ ಅರವತ್ತೆರಡನ್ನು ಕಟ್ಟಲಿಲ್ಲ. ಶನಿವಾರ ಕಳೆಯಿತು, ಅವು ಬರೀ ಕಾಗದವಾದವು. ರಿಗ್ಮೋರ್ ಬಟ್ಟೆ ಒಗೆಯುವ ಮಷೀನಿನ ಮಾತೆತ್ತಲಿಲ್ಲ. ಅವನ ಬಟ್ಟೆಗಳನ್ನು ಮಾತ್ರ ಒಂದು ಬಕೆಟ್ಟಿನಲ್ಲಿ ಹಾಕಿ, ಬಕೆಟ್ಟನ್ನು ಅವನ ಮುಂದಿಟ್ಟಳು.

ಜೂನ್ ಎರಡನೆಯ ವಾರ ಉಫ್ಫೆ ಬಂದ. ಕೂರು ಎನ್ನುವ ಮೊದಲೇ ಕೂತ.

"ಸಂಘದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೀತಿದ್ದೀನಿ. 'ಸಂಗ್ರಾಹಕರು ಮಾಡಬಾರದ ತಪ್ಪುಗಳು.' ನೀನು ಪರೀಕ್ಷೆ ಮಾಡಿದ ನೋಟುಗಳ ಪಟ್ಟಿ ಏನಾದ್ರೂ ಇದ್ಯಾ?"

ಇತ್ತು. ಫೆರಿಯಲ್ಲಿ ದುಡಿದವನು ಬರೆದಿಡದೆ ಏನನ್ನೂ ಬಿಟ್ಟವನಲ್ಲ. ಆಸ್ಗೇರ್‌ಗೆ ಮೈ ಉರಿಯಿತು. "ನನ್ನ ಮರ್ಯಾದೆ ತೆಗೆಯೋಕೆ ನನ್ನ ಮನೆಗೇ ಬಂದು, ನನ್ನ ಪುಸ್ತಕನೇ ಕೇಳ್ತೀಯಲ್ಲ!" ಎಂದು ಪುಸ್ತಕ ತಂದು ಅವನ ತೊಡೆಯ ಮೇಲೆ ಎಸೆದ. "ತಗೋ. ಒಂದಕ್ಷರ ಬಿಡದೆ ಹಾಕು!"

ಉಫ್ಫೆ ಓದುತ್ತಾ ಹೋದ. ನಡುನಡುವೆ ಸಂತೋಷದಿಂದ "ಆಕಳಿಕೆಗೆ ಮುಂಚಿನ ಸ್ಥಿತಿ" ಎಂದು ಗಟ್ಟಿಯಾಗಿ ಹೇಳಿಕೊಂಡ. ಥೋರಾಳ ನೋಟುಗಳ ಪುಟಕ್ಕೆ ಬಂದಾಗ ಅವನ ಬೆರಳು ನಿಂತಿತು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಆಸ್ಗೇರ್. ಈ ಅಂಕಿಯ ಮುಂದಿನ ಅಕ್ಷರ… ನೀನು ಸರಿಯಾಗಿ ಬರ್ಕೊಂಡಿದ್ದೀಯಾ?"

"ನಾನು ಅಂಕಿ ತಪ್ಪು ಬರೆಯಲ್ಲ."

"ಈ ಅಕ್ಷರದ ನೋಟು ಅಚ್ಚಾಗಿತ್ತೋ ಇಲ್ವೋ ಅಂತ ನಾವು ಹದಿನೈದು ವರ್ಷದಿಂದ ಜಗಳ ಆಡ್ತಿದ್ದೀವಿ. ಕಂಡೋರು ಒಬ್ಬರೂ ಇಲ್ಲ. ಅಕ್ಷರ ಬರ್ಕೊಂಡೂ ನಿನಗೆ ತಿಳೀಲಿಲ್ವಾ? ನೀನು ಅದನ್ನ ಕೈಯಲ್ಲಿ ಹಿಡಿದಿದ್ದೆ?"

ಆಸ್ಗೇರ್ ಬಗ್ಗಿ ನೋಡಿದ. ಅವನದೇ ಅಕ್ಷರ, ಅವನದೇ ಷರಾ: "ಗುಬ್ಬಿ ಚುರುಕಾಗಿದೆ. ವಿಶೇಷವೇನೂ ಇಲ್ಲ."

ಇಬ್ಬರೂ ಎದ್ದು ಬ್ಯಾಂಕಿಗೆ ನಡೆದರು. ನಡೆದರು ಎಂದದ್ದು ಮೊದಲ ತಿರುವಿನವರೆಗೆ, ಆಮೇಲೆ ಓಡಿದರು.

"ಹಳೆ ನೋಟೆಲ್ಲಾ ನಾಶ ಮಾಡೋಕೆ ಹೋದ ವಾರವೇ ಹೋಯ್ತು" ಎಂದಳು ಕಾಮಿಲ್ಲಾ. "ಇಷ್ಟು ಹೊತ್ತಿಗೆ ಪುಡಿ ಆಗಿರತ್ತೆ. ಯಾಕೆ? ಇನ್ನೊಂದು ಗುಬ್ಬಿ ಮಲಗ್ತಾ?"

ಹೊರಗೆ ಬಂದು ಇಬ್ಬರೂ ಸರ್ಕಾರವನ್ನು ಬೈದರು, ಬ್ಯಾಂಕನ್ನು ಬೈದರು, ಗಸಗಸೆಯನ್ನು ಬೈದರು. ಉಫ್ಫೆ ಆಸ್ಗೇರ್‌ನನ್ನೂ ಬೈದ, ಆಸ್ಗೇರ್ ಅದಕ್ಕೆ ಒಪ್ಪಿದ. ಬೈಯುತ್ತಾ ಬಂದರಿನ ಬೀದಿಗೆ ಬಂದಾಗ ಥೋರಾ ಮನೆಯ ಮುಂದೆ, ಹೊಚ್ಚಹೊಸ ಕೆಂಪು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಇಬ್ಬರನ್ನೂ ತಡೆದು ಒಳಗೆ ಕರೆದಳು. ಕಪ್ಪು ರೊಟ್ಟಿಯ ಮೇಲೆ ಹೊಗೆಮೀನಿಟ್ಟು, ಮೇಲೊಂದು ಹಸಿ ಮೊಟ್ಟೆಯ ಹಳದಿ ಬಿಟ್ಟು, ತಿನ್ನದೆ ಏಳಬಾರದೆಂದಳು.

"ನೋಡು, ಆಸ್ಗೇರ್, ಕುರ್ಚಿ ಬೆನ್ನು ಹಿಂದಕ್ಕೂ ಬಾಗ್ತದೆ. ಎಲ್ಲಾ ಆ ಡಬ್ಬಿ ದುಡ್ಡು. ಆವತ್ತು ನೀನು ಸೈಕಲ್ ತುಳೀದೆ ಇದ್ರೆ ಬರೀ ಕಾಗದ ಇಟ್ಕೊಂಡು ಅಳ್ತಾ ಕೂತಿರ್ತಿದ್ದೆ."

ಉಫ್ಫೆ ಬಾಯಿ ತೆರೆದ. ತಪ್ಪೊಂದು ಎದುರಿಗೆ ಕೂತಿರುವಾಗ ಅವನ ಬಾಯಿ ತಾನಾಗಿಯೇ ತೆರೆಯುತ್ತದೆ. ಆಸ್ಗೇರ್ ಮೇಜಿನ ಕೆಳಗೆ ಅವನ ಕಾಲು ತುಳಿದ. ಉಫ್ಫೆ ಆ ಮುದುಕಿಯ ಮುಖ ನೋಡಿದ, ಬಾಯಿ ಮುಚ್ಚಿದ.

"ಒಂದು ನೋಟು ಮಾತ್ರ ಬೇರೆ ಎತ್ತಿಡು ಥೋರಾ, ಅಂತಿದ್ದ ನಮ್ಮ ಆಕ್ಸೆಲ್" ಎಂದು ಅವಳು ಮುಂದುವರಿಸಿದಳು. "ಅದರ ಅಕ್ಷರ ವಿಚಿತ್ರವಾಗಿದೆ ಅಂತಿದ್ದ. ಎಲ್ಲಾ ಹುಚ್ಚು. ಎಲ್ಲದರ ಜೊತೆ ಅದೂ ಹೋಯ್ತು."

ಉಫ್ಫೆಯ ಕೈಯಲ್ಲಿದ್ದ ರೊಟ್ಟಿ ವಾಲಿ ಮೊಟ್ಟೆಯ ಹಳದಿ ಅವನ ಟೈ ಮೇಲೆ ಇಳಿಯಿತು.

"ಅದಕ್ಕೂ… ಅದಕ್ಕೂ ಇಪ್ಪತ್ತೇ ಕೊಟ್ರಾ?" ಎಂದ, ಕಷ್ಟಪಟ್ಟು.

"ಪೂರ್ತಿ ಇಪ್ಪತ್ತು! ಒಂದು ಕ್ರೋನ ಕಡಿಮೆ ಕೊಟ್ಟಿದ್ರೂ ನಾನು ಸುಮ್ನೆ ಬಿಡ್ತಿದ್ನಾ?"

"ಇಲ್ಲ, ಬಿಡ್ತಿರಲಿಲ್ಲ" ಎಂದರು ಇಬ್ಬರೂ ಒಟ್ಟಿಗೆ, ತಲೆತಗ್ಗಿಸಿ ಮೀನು ತಿನ್ನುತ್ತಾ.